ನಿವೃತ್ತಿಯ ಲೆಕ್ಕಕ್ಕೆ ಎಂತಹ ತಂತ್ರಾಂಶ?

ಪ್ರಯೋಗಶಾಲೆಯಲ್ಲಿ ವರ್ನಿಯರ್ ಕ್ಯಾಲಿಪರನ್ನು ಕೈಗೆತ್ತಿಕೊಂಡೊಡನೆ ನಾವು ಮೊದಲು ನೋಡುವುದು ಅದರ ಶೂನ್ಯದೋಷವನ್ನು. ಆದರೆ ಮನೆಯಲ್ಲಿ ತಂದೆಯವರು ಮೊಬೈಲನ್ನು ಮುಂದಿಟ್ಟು, ‘ನಾನು ನಿವೃತ್ತನಾದ ಮೇಲೆ ಈ ಹಣ ಎಷ್ಟು ವರ್ಷ ಬಂದೀತು, ಲೆಕ್ಕ ಹಾಕಿ ನೋಡಪ್ಪ’ ಎಂದಾಗ ಆ ಎಚ್ಚರಿಕೆ ನಮ್ಮಲ್ಲಿ ಇರುವುದಿಲ್ಲ. ಪರದೆಯ ಮೇಲೆ ಮೂಡಿದ ಸಂಖ್ಯೆಯನ್ನು ನಂಬಿಬಿಡುತ್ತೇವೆ.

ಬಹುಮಟ್ಟಿಗೆ ಇಂತಹ ಸರಳ ತಂತ್ರಾಂಶಗಳು ಪ್ರತಿವರ್ಷವೂ ಒಂದೇ ಸರಾಸರಿ ದರದಲ್ಲಿ ಹಣ ಬೆಳೆಯುವುದೆಂದು ಭಾವಿಸುತ್ತವೆ. ತೊಡಕು ಇರುವುದು ಇಲ್ಲಿಯೇ. 10 ಲಕ್ಷ ರೂಪಾಯಿಗಳ ನಿಧಿಯಿಂದ ಪ್ರತಿವರ್ಷದ ಕೊನೆಯಲ್ಲಿ 1 ಲಕ್ಷ ತೆಗೆಯುತ್ತೇವೆನ್ನೋಣ. ಮೊದಲೆರಡು ವರ್ಷ ಶೇಕಡ 20ರಷ್ಟು ಲಾಭ, ಮೂರನೆಯ ವರ್ಷ ಶೇಕಡ 20ರಷ್ಟು ನಷ್ಟವಾದರೆ ಉಳಿಯುವುದು 8.76 ಲಕ್ಷ. ಅದೇ ನಷ್ಟವು ಮೊದಲ ವರ್ಷವೇ ಬಂದು, ಲಾಭದ ಎರಡು ವರ್ಷಗಳು ಆಮೇಲೆ ಬಂದರೆ ಉಳಿಯುವುದು 7.88 ಲಕ್ಷ ಮಾತ್ರ. ಏನನ್ನೂ ತೆಗೆಯದಿದ್ದರೆ ಎರಡರಲ್ಲಿಯೂ ಒಂದೇ ಮೊತ್ತ ಉಳಿಯುತ್ತಿತ್ತು! ಇನ್ನು ಈ ಮೂರು ದರಗಳ ಸರಾಸರಿಯಾದ ಶೇಕಡ 6.67ನ್ನು ಸರಳ ತಂತ್ರಾಂಶಕ್ಕೆ ಕೊಟ್ಟರೆ ಅದು 8.93 ಲಕ್ಷವೆಂದು ಹೇಳುತ್ತದೆ. ಎಂದರೆ ಎರಡಕ್ಕಿಂತಲೂ ಹೆಚ್ಚು. ವಾಚಕರು ಕಾಗದದ ಮೇಲೆ ತಾವೇ ಗುಣಿಸಿ ನೋಡಬಹುದು.

ಈ ದೋಷಕ್ಕೆ ಪರಿಹಾರ ಭೌತವಿಜ್ಞಾನದಿಂದಲೇ ಬಂದಿತೆಂಬುದು ನಮಗೆ ಸಂತೋಷದ ವಿಷಯ. 1946ರಲ್ಲಿ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮರು ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬರೇ ಇಸ್ಪೀಟಾಡುತ್ತಿದ್ದರು. ಆಟ ಗೆಲ್ಲುವ ಸಂಭವನೀಯತೆಯನ್ನು ಸೂತ್ರದಿಂದ ಕಂಡುಹಿಡಿಯುವುದಕ್ಕಿಂತ ನೂರು ಸಲ ಆಡಿ, ಗೆದ್ದುದನ್ನು ಎಣಿಸುವುದೇ ಸುಲಭವಲ್ಲವೆ ಎಂದು ಅವರಿಗೆ ತೋರಿತು. ನ್ಯೂಟ್ರಾನುಗಳ ಚಲನೆಗೆ ಅನ್ವಯಿಸಲಾದ ಆ ವಿಧಾನಕ್ಕೆ, ಜೂಜಿಗೆ ಹೆಸರಾದ ಮಾಂಟೆ ಕಾರ್ಲೊ ಎಂಬ ಊರಿನ ಹೆಸರೇ ನಿಂತಿತು. ಉತ್ತಮ ನಿವೃತ್ತಿ ತಂತ್ರಾಂಶಗಳು ಇದನ್ನೇ ಬಳಸಿ, ಲಾಭನಷ್ಟಗಳ ಕ್ರಮವನ್ನು ಸಾವಿರಾರು ಬಗೆಯಲ್ಲಿ ಕಲಸಿ, ಎಷ್ಟು ಸಲ ಹಣ ಕೊನೆಯವರೆಗೆ ಉಳಿಯಿತೆಂದು ಹೇಳುತ್ತವೆ. ‘ನೂರಕ್ಕೆ ಎಂಬತ್ತು ಸಲ’ ಎಂಬ ಉತ್ತರವು ಒಂಟಿ ಸಂಖ್ಯೆಗಿಂತ ಪ್ರಾಮಾಣಿಕವಾದುದು. ಆದರೂ ನಾವು ಊಡಿಸಿದ ದರಗಳು ಆಶಾವಾದಿಯಾಗಿದ್ದರೆ ಉತ್ತರವೂ ಹಾಗೆಯೇ ಇರುತ್ತದೆ.

ಬೆಲೆಯೇರಿಕೆಯನ್ನು ಲೆಕ್ಕಕ್ಕೆ ಹಿಡಿಯದ ತಂತ್ರಾಂಶವನ್ನು ಮುಟ್ಟಲೇಬಾರದು. ವರ್ಷಕ್ಕೆ ಶೇಕಡ 6ರಂತೆ ಬೆಲೆ ಏರಿದರೆ ಇಂದು 30,000 ರೂಪಾಯಿಗಳಲ್ಲಿ ಸಾಗುವ ತಿಂಗಳ ಖರ್ಚಿಗೆ 30 ವರ್ಷಗಳ ಬಳಿಕ ಸುಮಾರು 1,72,000 ಬೇಕಾಗುತ್ತದೆ. ಹೂಡಿಕೆಯ ಯೋಜನೆಗಳನ್ನು ಮಾರುವವರೇ ಒದಗಿಸುವ ಉಚಿತ ತಂತ್ರಾಂಶಗಳಲ್ಲಿ ಮೊದಲೇ ತುಂಬಿರುವ ದರಗಳನ್ನಂತೂ ಅಳಿಸಿ, ನಮ್ಮವನ್ನು ಬರೆಯುವುದು ಲೇಸು. ಸೂತ್ರಗಳೆಲ್ಲ ಕಣ್ಣಿಗೆ ಕಾಣುವ ಎಕ್ಸೆಲ್ ಅಥವಾ ಲಿಬ್ರೆಆಫೀಸಿನ ಕೋಷ್ಟಕದಿಂದ ಆರಂಭಿಸುವುದೇ ವಿದ್ಯಾರ್ಥಿಗಳಿಗೆ ಮೇಲೆಂದು ನಮ್ಮ ಮತ.

ಇನ್ನು ಶೂನ್ಯದೋಷದ ಪರೀಕ್ಷೆ. ಲಾಭದ ದರ, ಬೆಲೆಯೇರಿಕೆಯ ದರ ಎರಡನ್ನೂ 6 ಎಂದೇ ಕೊಡಿರಿ. ನಿಧಿ 30 ಲಕ್ಷ, ವರ್ಷದ ಆರಂಭದಲ್ಲಿ ತೆಗೆಯುವ ಖರ್ಚು ಮೊದಲ ವರ್ಷ 1 ಲಕ್ಷ, ಆಮೇಲೆ ಬೆಲೆಯೊಡನೆ ಏರತಕ್ಕದ್ದು. ಎರಡು ದರಗಳೂ ಒಂದನ್ನೊಂದು ಹೊಡೆದುಹಾಕುವುದರಿಂದ ಹಣವು ಸರಿಯಾಗಿ 30 ವರ್ಷ ಬರಬೇಕು. 26 ಎಂದು ಬಂದರೆ ತಂತ್ರಾಂಶವು ತೆರಿಗೆಯನ್ನೋ ಶುಲ್ಕವನ್ನೋ ಕಳೆದಿರಬಹುದು. ಎಲ್ಲಿ ಕಳೆಯಿತೆಂಬುದನ್ನು ಅದು ತೋರಿಸದಿದ್ದರೆ ಬೇರೊಂದನ್ನು ಹುಡುಕಬೇಕು.