ತೊಟ್ಟಿಯ ಬಸವನಹುಳಕ್ಕೆ ಔಷಧಿ ಸುರಿಯುವ ಮುನ್ನ

ಹಾಸನದ ಅಂಗಡಿಯಿಂದ ನೀರುಗಿಡ ತಂದು ಮೀನಿನ ತೊಟ್ಟಿಯಲ್ಲಿ ನೆಟ್ಟವರಿಗೆ ಕೆಲವು ವಾರಗಳ ಮೇಲೆ ಮೊಳೆಯಂತೆ ಚೂಪಾದ, ಕಂದು ಚುಕ್ಕೆಯ ಪುಟ್ಟ ಬಸವನಹುಳುಗಳು ಕಾಣಿಸುವುದುಂಟು. ಗಾಬರಿ ಬೇಡ. ಅಂಗಡಿಯವರು ಮಲೇಷ್ಯನ್ ಟ್ರಂಪೆಟ್ ಎಂದರೂ ಇದು ನಮ್ಮ ನೆಲದ್ದೇ ಜೀವಿ. 1774ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರು ಸಿಕ್ಕಿದ್ದು ಕೋರಮಂಡಲ ತೀರದ ಮಾದರಿಯಿಂದ. ಹಾಸನದ ಬಳಿಯ ಕಟ್ಟಾಯದ ಸುತ್ತಿನ ಕೆರೆಯಂಚಿನ ಕೆಸರಿನಂಥ ಜಾಗವೇ ಇದಕ್ಕೆ ಪ್ರಿಯ.

ಹಗಲೆಲ್ಲ ಮರಳಿನೊಳಗಿದ್ದು ರಾತ್ರಿ ಮೇಲೆ ಬರುತ್ತದೆ. ಓಡಾಟದಲ್ಲೇ ಮರಳು ಸಡಿಲವಾಗುತ್ತದೆ, ಉಳಿದ ಆಹಾರ, ಪಾಚಿ ಖಾಲಿಯಾಗುತ್ತದೆ. ಹೆಣ್ಣು ಗಂಡಿನ ಹಂಗಿಲ್ಲದೆ, ಚಿಪ್ಪಿನ ಸಮೇತ ಮರಿಗಳನ್ನೇ ಹಾಕುವುದರಿಂದ ಒಂದು ಬಂದರೆ ಸಾಕು, ತೊಟ್ಟಿ ತುಂಬುತ್ತದೆ. ತುಂಬಿತೆಂದರೆ ಮೀನಿಗೆ ಆಹಾರ ಹೆಚ್ಚು ಹಾಕುತ್ತಿದ್ದೀರಿ ಎಂದೇ ಅರ್ಥ. ಮೊದಲು ಅದನ್ನು ತಗ್ಗಿಸಿ. ರಾತ್ರಿ ಸೌತೆಕಾಯಿಯ ಬಿಲ್ಲೆಯೊಂದನ್ನು ತಳಕ್ಕೆ ಬಿಟ್ಟು, ಬೆಳಿಗ್ಗೆ ಮುತ್ತಿದ ಹುಳುಗಳ ಸಮೇತ ತೆಗೆಯಿರಿ. ತಾಮ್ರದ ಔಷಧಿ ಹಾಕಿದರೆ ಮರಳಿನೊಳಗೆ ನೂರಾರು ಸತ್ತು ಕೊಳೆತು, ಮೀನಿಗೂ ಕುತ್ತು ತರುತ್ತವೆ. ಹಗಲಲ್ಲೇ ಎಲ್ಲವೂ ಗಾಜು ಹತ್ತಿ ಮೇಲೇರಿದ್ದರೆ ನೀರು ಕೆಟ್ಟಿದೆ. ಅಂದೇ ಒಂದಷ್ಟು ಬದಲಿಸಿ.

ತೆಗೆದ ಹುಳುಗಳನ್ನೂ ಗಿಡವನ್ನೂ ಹೇಮಾವತಿ ನಾಲೆಗೆ ಎಸೆಯಲೇಬೇಡಿ. ದಕ್ಷಿಣ ಅಮೆರಿಕದ ಸೇಬು ಬಸವನಹುಳು ಸಾಕಣೆಯಿಂದ ಹೊರಬಿದ್ದು ಆಗ್ನೇಯ ಏಷ್ಯಾದ ಎಳೆ ಭತ್ತವನ್ನು ಮೇಯ್ದಿದೆ. ಅದರ ಗುಲಾಬಿ ಮೊಟ್ಟೆಗೊಂಚಲು ನಮ್ಮ ಗದ್ದೆಯ ಬದುವಿನಲ್ಲಿ ಕಂಡರೆ ಕೃಷಿ ಇಲಾಖೆಗೆ ತಿಳಿಸಿ.