ಪ್ಲೂಟೊ ಎಲ್ಲಿದ್ರೆ ನಿನಗೇನವ್ವ?

ನೋಡವ್ವ, ಪ್ಲೂಟೊ ರಾಶಿ ಬದಲಿಸಿದ್ದಾನೆ, ಈಗ ಕೆಲಸ ಬಿಡಬೇಡ ಅಂತ ಫೋನಿನಲ್ಲಿ ಯಾರೋ ಜೋಯಿಸರು ನಿನಗೆ ಹೇಳಿದರಂತೆ. ದೂರದ ಗ್ರಹಕ್ಕೆ ನೌಕೆ ಹೋದ ಮೇಲೆ ಅದರ ಫಲ ಜೋರಾಗುತ್ತದೆ ಅಂತಲೂ ಅಂದರಂತೆ.

ಮೊದಲು ಹತ್ತಿರದ ಮಂಗಳನನ್ನೇ ತಗೊ. ಮಂಗಳಯಾನ ಹೊರಟಿದ್ದು 2013ರ ನವೆಂಬರ್ 5, ಮಂಗಳವಾರ. ವಾರ ನೋಡಿ ಹೊರಟಿದ್ದಲ್ಲ. ಭೂಮಿ, ಮಂಗಳ ಹೊಂದಿ ಬರೋದು 26 ತಿಂಗಳಿಗೊಮ್ಮೆ, ತಪ್ಪಿದರೆ ಕಾಯಬೇಕು. ಬೆಂಗಳೂರಿನ ಹತ್ತಿರ ಬ್ಯಾಲಾಳಿನಲ್ಲಿರೋ 32 ಮೀಟರ್ ಅಗಲದ ಆಂಟೆನಾ ಅದರ ಮಾತು ಕೇಳಿಸಿಕೊಳ್ಳುತ್ತಿತ್ತು. 2014ರ ಸೆಪ್ಟೆಂಬರ್ 24ಕ್ಕೆ ಕಕ್ಷೆ ಸೇರಿತು, 2022ರ ಏಪ್ರಿಲ್‌ನಲ್ಲಿ ಸಂಪರ್ಕ ಕಡಿಯಿತು. ಹತ್ತಿರಹತ್ತಿರ ಏಳೂವರೆ ಶನಿಯಷ್ಟೇ ಕಾಲ! ಅಷ್ಟು ಸುತ್ತಿದರೂ ನಮ್ಮ ಹೋಬಳಿಯಲ್ಲಿ ಒಬ್ಬ ಹುಡುಗಿಯ ಕುಜದೋಷವಾದರೂ ಇಳಿಯಿತಾ? ಏರಿದ್ದೂ ಇಲ್ಲ.

ಈಗ ದೂರದವರ ಲೆಕ್ಕ. ಸೂರ್ಯನನ್ನು ಒಂದು ಸುತ್ತು ಬರಲು ಯುರೇನಸ್‌ಗೆ 84 ವರ್ಷ, ನೆಪ್ಚೂನ್‌ಗೆ 165, ಪ್ಲೂಟೊಗೆ 248. ಹನ್ನೆರಡು ರಾಶಿಗೆ ಹಂಚು: ಪ್ಲೂಟೊ ಒಂದೊಂದರಲ್ಲಿ ಸರಾಸರಿ ಇಪ್ಪತ್ತು ಚಿಲ್ಲರೆ ವರ್ಷ ಕೂರುತ್ತಾನೆ. ಕೆರಗೋಡಿನ ಸ್ಕೂಲಲ್ಲಿ ನಿನ್ನ ಜೊತೆ ಓದಿದವರ ಜಾತಕದಲ್ಲೆಲ್ಲ ಅವನು ಒಂದೇ ರಾಶಿಯಲ್ಲಿ. ಅವರಲ್ಲಿ ಒಬ್ಬ ಕಬ್ಬಿನ ಲಾರಿ ಓಡಿಸ್ತಾನೆ, ಒಬ್ಬಳು ನರ್ಸು. ಲಗ್ನ ಬೇರೆ ಅಂತಾರೆ, ಅನ್ನಲಿ. ಹಾಗಾದರೆ ವ್ಯತ್ಯಾಸ ಹೇಳ್ತಿರೋದು ಲಗ್ನ, ಪ್ಲೂಟೊ ಅಲ್ಲ. ನಮ್ಮ ಹಳೇ ನವಗ್ರಹಗಳಲ್ಲಿ ಅವನಿಲ್ಲವೇ ಇಲ್ಲ. ಕಂಡದ್ದೇ 1930ರಲ್ಲಿ. ಪಾತಾಳದ ದೇವರ ಹೆಸರಿಡಿ ಅಂದವಳು ಇಂಗ್ಲೆಂಡಿನ ಹನ್ನೊಂದು ವರ್ಷದ ಹುಡುಗಿ, ವೆನೀಷಿಯಾ ಬರ್ನಿ. ಆ ಹೆಸರಿನ ಹಿಂದೆಯೇ ಸಾವು, ಪಾತಾಳ, ಬುಡಮೇಲು ಅನ್ನೋ ಫಲಗಳೂ ಬಂದವು. ಮಗು ಬೇರೆ ಹೆಸರು ಹೇಳಿದ್ದರೆ ನೀನು ಇವತ್ತು ಬೇರೆ ಏನಕ್ಕೋ ಹೆದರ್ತಿದ್ದೆ.

ಪಂಚಾಂಗ ಬಿಸಾಕು ಅಂತಿಲ್ಲ ಕಣವ್ವ. ಆರಿದ್ರಾ ಮಳೆ ಎಂದು ಹುಟ್ಟುತ್ತೆ ಅಂತ ನಾನೂ ಒಂಟಿಕೊಪ್ಪಲ್ ಪಂಚಾಂಗ ತಿರುವಿ ಹಾಕ್ತೀನಿ. ಅದು ಸೂರ್ಯನ ಲೆಕ್ಕ. ಲೆಕ್ಕ ನಂಬು. 2006ರ ಜನವರಿಯಲ್ಲಿ ಬಿಟ್ಟ ನ್ಯೂ ಹೊರೈಜನ್ಸ್ ನೌಕೆ 2015ರ ಜುಲೈ 14ಕ್ಕೆ ಪ್ಲೂಟೊ ಪಕ್ಕ, ಸುಮಾರು 12,500 ಕಿ.ಮೀ. ಅಂತರದಲ್ಲಿ ಹಾದುಹೋಗಿದ್ದೂ ಲೆಕ್ಕದಿಂದಲೇ. 2019ರ ಜನವರಿ 1ಕ್ಕೆ ಅದು ಇನ್ನೂ ಆಚೆಯ ಅರೋಕೋತ್ ಅನ್ನೋ ಪುಟ್ಟ ಕಾಯದ ಪಕ್ಕವೂ ಹಾದುಹೋಯಿತು. ಅದಕ್ಕೂ ಒಂದು ಶಾಂತಿ ಹುಟ್ಟಿಸುವವರು ಬರ್ತಾರೆ, ನೋಡ್ತಿರು.

ಅಜ್ಜಿ ಶನಿವಾರ ಎಳ್ಳೆಣ್ಣೆ ದೀಪ ಹಚ್ಚುವಾಗ ಈ ವಾದ ತೆಗೀಬೇಡ, ಅದು ಅವಳ ಸಮಾಧಾನ. ಆದರೆ ಜಾತಕ ಕೂಡಿತು ಅಂತ ಯಾರಾದರೂ ಸಂಬಂಧ ತಂದರೆ, ಹುಡುಗ ಕುಡೀತಾನಾ, ಸಾಲ ಎಷ್ಟಿದೆ ಅಂತ ನಾವೇ ವಿಚಾರಿಸೋಣ. ಹೊಸ ಕೆಲಸದಲ್ಲಿ ಸಂಬಳ, ಪಿಎಫ್, ರಾತ್ರಿ ಪಾಳಿ ಹೇಗೆ ಅಂತ ನೀನು ಕೇಳ್ಕೊ. ಜೋಯಿಸರಿಗೆ ಮಾತ್ರ ಮತ್ತೆ ದುಡ್ಡು ಹಾಕಬೇಡ.