ಮೂಗಿನ ಹನಿಗೆ ಐದು ದಿನದ ಗಡಿ

ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಮಲೆಬೆನ್ನೂರಿನ ಸುತ್ತ ಕೊಯ್ಲಿನ ಕಾಲದಲ್ಲಿ ಏಳುವ ಹೊಟ್ಟಿನ ಧೂಳು, ಮೂಗಿನ ಲೋಳೆಪೊರೆಯನ್ನು, ಎಂದರೆ ಒಳಗಿನ ತೇವಭರಿತ ತೆಳು ಪದರವನ್ನು ಕೆರಳಿಸಿ ಉಸಿರು ಕಟ್ಟಿಸುತ್ತದೆ. ಆಗ ಔಷಧಿ ಅಂಗಡಿಯಿಂದ ತಂದು ಹಾಕುವ ಝೈಲೋಮೆಟಾಜೋಲಿನ್ ಹನಿಯು ಪೊರೆಯ ರಕ್ತನಾಳಗಳನ್ನು ಕುಗ್ಗಿಸಿ ಕೆಲವೇ ನಿಮಿಷಗಳಲ್ಲಿ ಉಸಿರಾಟವನ್ನು ಸರಾಗಗೊಳಿಸುತ್ತದಾದರೂ, 5 ದಿನ ಮೀರಿ ಬಳಸಿದಲ್ಲಿ ಅದರ ಪರಿಣಾಮ ಇಳಿದೊಡನೆ ನಾಳಗಳು ಮರಳಿ ಹಿಗ್ಗಿ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟಿಕೊಳ್ಳುವುದುಂಟು. ಹನಿಯನ್ನೇ ಹೆಚ್ಚಿಸುತ್ತ ಹೋಗುವುದು ಖಂಡಿತ ಪರಿಹಾರವಲ್ಲ. ಅಲರ್ಜಿಯಿಂದ ಪದೇಪದೇ ಕಟ್ಟುವ ಮೂಗಿಗೆ ಅಧ್ಯಯನಗಳು ಎತ್ತಿಹಿಡಿದಿರುವುದು ಸ್ಟೀರಾಯ್ಡ್ ಸ್ಪ್ರೇಯನ್ನು. ಅದರ ಪೂರ್ಣ ಗುಣ ಕಾಣಲು 1–2 ವಾರ ಬೇಕಾಗುವುದರಿಂದ, ವೈದ್ಯರು ಬರೆದುಕೊಟ್ಟ ಸ್ಪ್ರೇಯನ್ನು ಎರಡೇ ದಿನಕ್ಕೆ ಬಿಡದೆ, ಬಲ ಹೊಳ್ಳೆಗೆ ಎಡಗೈಯಿಂದ, ಎಡ ಹೊಳ್ಳೆಗೆ ಬಲಗೈಯಿಂದ, ತುದಿ ನಡುಗೋಡೆಗೆ ತಾಗದಂತೆ ಹೊರಬದಿಗೆ ತಿರುಗಿಸಿ ಸಿಂಪಡಿಸಬೇಕು. ಉಪ್ಪುನೀರಿನಿಂದ ಮೂಗು ತೊಳೆಯುವವರು ಕುದಿಸಿ ಆರಿಸಿದ ನೀರನ್ನೇ ಬಳಸಬೇಕು.